ಪಂಕ್ತಿಯಲ್ಲಿ ಕೂತು ಬರೆದ ಕಾಗದ

2024ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಗೆ ನಾಮಪತ್ರ ಸಲ್ಲಿಸುವ ದಿನಗಳಲ್ಲಿ, ದೊಡ್ಡಪ್ಪನ ಮಗ ನನಗೆ ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದ. ಮಠವೊಂದರ ಗದ್ದುಗೆಯ ಮೇಲೆ, ಬಿಲ್ವಪತ್ರೆಗೂ ಚೆಂಡುಹೂವಿಗೂ ನಡುವೆ, ಪ್ಲಾಸ್ಟಿಕ್ ಹಾಳೆಯೊಳಗೆ ಭದ್ರವಾಗಿ ಪಕ್ಷವೊಂದು ತನ್ನ ಅಧಿಕೃತ ಅಭ್ಯರ್ಥಿಗೆ ಕೊಡುವ ಬಿ ಫಾರಂ ಇತ್ತು. ಆ ಪ್ಲಾಸ್ಟಿಕ್ಕಿನ ಮೇಲೆ ಮೂರು ಬೆರಳಿನ ವಿಭೂತಿ. ಪಕ್ಕದಲ್ಲಿ ಅಭ್ಯರ್ಥಿ ಸಾಷ್ಟಾಂಗ ಬಿದ್ದಿದ್ದರು, ಅವರ ಹಿಂದೆ ಮೊಬೈಲ್ ಎತ್ತಿ ಹಿಡಿದ ಹತ್ತಾರು ಕೈಗಳು. ಫೋಟೊದ ಕೆಳಗೆ ಅವನು ಬರೆದದ್ದು ಒಂದೇ ಸಾಲು: ‘ನೋಡಣ್ಣ, ನಿನ್ನ ಮಠ.’

ಅದು ನನ್ನ ಮಠವೇ. ಐದನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗೆ ಆರು ವರ್ಷ ಅದರ ಪ್ರಸಾದ ನಿಲಯದಲ್ಲಿ ಉಂಡು ಮಲಗಿ ಓದಿದವನು ನಾನು. ಧರ್ಮವೂ ರಾಜಕಾರಣವೂ ಬೇರೆ ಬೇರೆ ಇರಬೇಕೆಂದು ಹೇಳುವ ವಾದಗಳೆಲ್ಲ ನನಗೆ ಗೊತ್ತು, ಕೆಲವನ್ನು ವೇದಿಕೆಯ ಮೇಲೆ ನಿಂತು ಹೇಳಿದ್ದೂ ಇದೆ. ಆದರೂ ಆ ಫೋಟೊ ನೋಡಿದಾಗ ಬರಬೇಕಾದ ಸಿಟ್ಟು ಬರಲಿಲ್ಲ. ಸಿಟ್ಟು ಯಾಕೆ ಬರಲಿಲ್ಲ ಎಂಬುದು ಆಗಿನಿಂದ ಒಳಗೇ ಕೊರೆಯುತ್ತಿದೆ.

ತಡವಾದ ಊಟ

ಅಪ್ಪನಿಗೆ ಇದ್ದದ್ದು ಮೂರು ಎಕರೆ ಖುಷ್ಕಿ. ಮಳೆ ಬಂದರೆ ಶೇಂಗಾ, ಬಾರದಿದ್ದರೆ ಕೂಲಿ. ನಮ್ಮ ಊರಿನಲ್ಲಿ ಶಾಲೆ ನಾಲ್ಕನೆಯ ತರಗತಿಗೆ ಮುಗಿಯುತ್ತಿತ್ತು. ಮಠದ ಪ್ರಸಾದ ನಿಲಯಕ್ಕೆ ಸೇರುವಾಗ ತರಬೇಕಾದದ್ದು ಒಂದು ಟ್ರಂಕು, ಒಂದು ತಟ್ಟೆ, ಒಂದು ಲೋಟ, ಒಂದು ಕಂಬಳಿ. ಶುಲ್ಕ ಕೇಳಲಿಲ್ಲ. ಜಾತಿಯನ್ನು ರಿಜಿಸ್ಟರಿನಲ್ಲಿ ಬರೆದುಕೊಂಡರೇ ಹೊರತು ಪಂಕ್ತಿಯಲ್ಲಿ ಕೇಳಲಿಲ್ಲ. ನನ್ನ ಎಡಕ್ಕೆ ಕೂರುತ್ತಿದ್ದವನು ಕುರಿ ಕಾಯುವವರ ಹುಡುಗ, ಬಲಕ್ಕೆ ಕೂರುತ್ತಿದ್ದವನು ಮಾದರ ಹುಡುಗ. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಮುದ್ದೆ ಸಾರು, ರಾತ್ರಿ ಅನ್ನ ಸಾರು ಮಜ್ಜಿಗೆ. ಈಗಲೂ ಮದುವೆ ಮನೆಯಲ್ಲಿ ತಟ್ಟೆಯಲ್ಲಿ ಅನ್ನ ಬಿಟ್ಟು ಏಳುವವರನ್ನು ಕಂಡರೆ ನನಗೆ ಮೈಯೆಲ್ಲ ಒಂದು ಥರ ಆಗುತ್ತದೆ. ಅದು ಅಲ್ಲಿ ಕಲಿತದ್ದು.

1989ರ ನವೆಂಬರ್‌ನಲ್ಲಿ ವಿಧಾನಸಭೆಗೂ ಲೋಕಸಭೆಗೂ ಒಟ್ಟಿಗೇ ಚುನಾವಣೆ ಬಂತು. ನಾನಾಗ ಎಂಟನೆಯ ತರಗತಿ. ಒಂದು ರಾತ್ರಿ ಎಂಟು ಗಂಟೆಗೆ ಎಂದಿನಂತೆ ಪಂಕ್ತಿಯಲ್ಲಿ ಕೂತೆವು, ಪ್ರಾರ್ಥನೆ ಮುಗಿಯಿತು, ಆದರೆ ಬಡಿಸುವವರು ಬರಲಿಲ್ಲ. ಯಾರೋ ದೊಡ್ಡವರು ಬರುತ್ತಾರೆ, ಅವರ ಕೈಯಿಂದಲೇ ಬಡಿಸಬೇಕು ಎಂದು ವಾರ್ಡನ್ ಹೇಳಿ ಹೋದರು. ಒಂಬತ್ತಾಯಿತು. ಚಿಕ್ಕ ಹುಡುಗರು ತಟ್ಟೆಯ ಮೇಲೆ ತಲೆಯಿಟ್ಟು ನಿದ್ದೆ ಹೋದರು. ಒಂಬತ್ತೂವರೆಯ ಮೇಲೆ ಜೀಪುಗಳು ಬಂದವು. ಅಭ್ಯರ್ಥಿ ಒಳಗೆ ಬಂದು ಸೌಟು ಹಿಡಿದರು, ಮೊದಲ ಸಾಲಿನ ಏಳೆಂಟು ಹುಡುಗರಿಗೆ ಅನ್ನ ಬಡಿಸಿದರು, ಫ್ಲ್ಯಾಶ್ ಮಿಂಚಿತು, ಸೌಟು ಅಡುಗೆಭಟ್ಟರ ಕೈಗೆ ಮರಳಿತು. ಆ ಹೊತ್ತಿಗೆ ಸಾರು ತಣ್ಣಗಾಗಿತ್ತು. ಮಠದ ಸ್ವಾಮಿಗಳು, ನಮ್ಮ ಬುದ್ಧಿಯವರು, ಬಾಗಿಲ ಬಳಿ ನಿಂತಿದ್ದರು. ‘ಇವರು ನಿಮಗೆ ಅನ್ನ ಇಕ್ಕಿದ್ದಾರೆ, ಮಕ್ಕಳೇ’ ಎಂದಷ್ಟೇ ಹೇಳಿದರು. ಅವರು ಹೆಚ್ಚು ಮಾತನಾಡುವವರಲ್ಲ.

ಮರುದಿನ ಬೆಳಿಗ್ಗೆ ಉಪ್ಪಿಟ್ಟಿಗೆ ಕೂತಾಗ, ಪಂಕ್ತಿಯಲ್ಲಿಯೇ, ನಮಗೆಲ್ಲ 15 ಪೈಸೆಯ ಒಂದೊಂದು ಕಾರ್ಡು ಹಂಚಿದರು. ಮನೆಗೆ ಬರೆಯಬೇಕಾದ ನಾಲ್ಕು ಸಾಲನ್ನು ವಾರ್ಡನ್ ನಿಂತು ಹೇಳಿದರು. ನಾನು ಇಲ್ಲಿ ಚೆನ್ನಾಗಿದ್ದೇನೆ. ಎರಡೂ ಹೊತ್ತು ಹೊಟ್ಟೆ ತುಂಬ ಪ್ರಸಾದ ಆಗುತ್ತದೆ. ಇಂಥವರು ನಮ್ಮ ಮಠಕ್ಕೆ ಬೇಕಾದವರು. ಬುದ್ಧಿಯವರು ನಿಮ್ಮನ್ನೆಲ್ಲ ನೆನೆಸಿಕೊಂಡರು. ನನ್ನ ಅಕ್ಷರ ದುಂಡಗಿದ್ದುದರಿಂದ ಚಿಕ್ಕ ತರಗತಿಯ ಹನ್ನೊಂದು ಹುಡುಗರ ಕಾರ್ಡುಗಳನ್ನೂ ನಾನೇ ಬರೆದುಕೊಟ್ಟೆ, ಅದಕ್ಕೆ ಒಂದು ಸೌಟು ಉಪ್ಪಿಟ್ಟು ಹೆಚ್ಚಿಗೆ ಸಿಕ್ಕಿತು. ಆ ದಿನ ನನಗೆ ತುಂಬ ಹೆಮ್ಮೆಯಾಗಿತ್ತು ಎಂಬುದನ್ನು ಮುಚ್ಚಿಡುವುದು ಸರಿಯಲ್ಲ.

ಎಷ್ಟೋ ವರ್ಷಗಳ ಮೇಲೆ ಅಪ್ಪನನ್ನು ಕೇಳಿದ್ದೆ, ಆ ಸಲ ಯಾರಿಗೆ ವೋಟು ಹಾಕಿದಿರಿ ಎಂದು. ಅಪ್ಪ ಬೀಡಿ ಆರಿಸಿ ಹೇಳಿದ: ‘ನಾನು ಹಾಕಬೇಕಂತಿದ್ದುದು ಬೇರೆಯೋರಿಗೆ. ನಿನ್ನ ಕಾರ್ಡು ಬಂದ ಮೇಲೆ ಹೆಂಗಪ್ಪ ಹಾಕ್ಲಿ? ನೀನು ಉಣ್ತಿದ್ದೆಯಲ್ಲ ಅಲ್ಲಿ.’

ಕಲಮುಗಳ ಕಣ್ಣಿಗೆ ಬೀಳದ್ದು

ಜನಪ್ರತಿನಿಧಿ ಕಾಯ್ದೆಯ 123ನೆಯ ಕಲಮನ್ನು ನಾನು ಓದಿದ್ದು ಬಹಳ ತಡವಾಗಿ, ನೌಕರಿಗೆ ಸೇರಿ ಚುನಾವಣಾ ಕರ್ತವ್ಯಕ್ಕೆ ಹೋಗತೊಡಗಿದ ಮೇಲೆ. ಮತದಾರನನ್ನು ದೈವದ ಅವಕೃಪೆಗೆ ಅಥವಾ ಧಾರ್ಮಿಕ ಖಂಡನೆಗೆ ಗುರಿಯಾಗುತ್ತೀಯೆ ಎಂದು ನಂಬಿಸಿದರೆ ಅದು ಅನುಚಿತ ಪ್ರಭಾವ, ಹಾಗಾಗಿ ಭ್ರಷ್ಟಾಚಾರ ಎಂದು ಆ ಕಲಮು ಹೇಳುತ್ತದೆ. 1959ರಲ್ಲಿ ಸುಪ್ರೀಂ ಕೋರ್ಟು ಪಂಜಾಬಿನ ಒಂದು ಆಯ್ಕೆಯನ್ನು ಇದೇ ಆಧಾರದ ಮೇಲೆ ಅಸಿಂಧುವೆಂದು ಹೇಳಿತು. ಸಿಖ್ಖರ ಒಂದು ಪಂಥವಾದ ನಾಮಧಾರಿಗಳ ಸದ್ಗುರು ತಮ್ಮ ಅನುಯಾಯಿಗಳಿಗೆ ಇಂಥವರಿಗೇ ಮತ ಹಾಕಬೇಕೆಂದು ಫರ್ಮಾನು ಹೊರಡಿಸಿದ್ದರು. ಧರ್ಮ, ಜಾತಿ, ಭಾಷೆಯ ಹೆಸರಿನಲ್ಲಿ ಮತ ಕೇಳಬಾರದೆಂಬ ನಿಷೇಧವು ಅಭ್ಯರ್ಥಿಯ ಧರ್ಮಕ್ಕೆ ಮಾತ್ರವಲ್ಲದೆ ಮತದಾರನ ಧರ್ಮಕ್ಕೂ ಅನ್ವಯಿಸುತ್ತದೆಂದು ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿ 2ರಂದು ನಾಲ್ಕು ಮೂರರ ಬಹುಮತದಿಂದ ಹೇಳಿತು. ಇವೆರಡರ ನಡುವೆ, 1988ರಲ್ಲಿ, ಧಾರ್ಮಿಕ ಸಂಸ್ಥೆಗಳ ದುರ್ಬಳಕೆಯನ್ನು ತಡೆಯುವ ಕಾಯ್ದೆಯೇ ಬಂತು. ಧಾರ್ಮಿಕ ಸಂಸ್ಥೆಯ ಆವರಣವನ್ನು ರಾಜಕೀಯ ಚಟುವಟಿಕೆಗೆ ಬಳಸಬಾರದೆಂದು ಅದು ನೇರವಾಗಿ ಹೇಳುತ್ತದೆ. ನಾನು ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕೆ ಸರಿಸಿ ಹನ್ನೆರಡು ಕಾರ್ಡು ಬರೆದದ್ದು ಅದರ ಮರುವರ್ಷ.

ಆದರೆ ಯೋಚಿಸಿ ನೋಡಿದರೆ ನಮ್ಮ ಮಠದಲ್ಲಿ ಯಾರೂ ಯಾರಿಗೂ ಫರ್ಮಾನು ಕೊಟ್ಟಿರಲಿಲ್ಲ. ದೇವರ ಸಿಟ್ಟಿನ ಮಾತು ಬಂದಿರಲಿಲ್ಲ. ಮತ ಎಂಬ ಶಬ್ದವೇ ಆ ನಾಲ್ಕು ಸಾಲಿನಲ್ಲಿ ಇರಲಿಲ್ಲ. ನ್ಯಾಯಾಲಯದಲ್ಲಿ ಆ ಕಾರ್ಡನ್ನು ಹಾಜರುಪಡಿಸಿದರೆ ಅದು ಮಗ ಅಪ್ಪನಿಗೆ ಬರೆದ ಯೋಗಕ್ಷೇಮದ ಕಾಗದ ಅಷ್ಟೇ. ಕಾನೂನು ಹೆದರಿಕೆಯನ್ನು ಗುರುತಿಸಬಲ್ಲದು, ಆಮಿಷವನ್ನು ಗುರುತಿಸಬಲ್ಲದು. ಉಂಡ ಮನೆಯ ಮಾತು ಮೀರಬಾರದು ಎನ್ನುವ ನಮ್ಮ ಸಂಕೋಚವನ್ನು ಅದು ಯಾವ ಕಲಮಿನಲ್ಲಿ ಹಿಡಿಯಬೇಕು? ಅಪ್ಪ ಹೆದರಿದವನಲ್ಲ, ಹಣ ಮುಟ್ಟಿದವನೂ ಅಲ್ಲ. ಅವನು ಋಣ ತೀರಿಸಿದ. ಅವನ ಲೆಕ್ಕದಲ್ಲಿ ಅದು ಮರ್ಯಾದೆಯ ಕೆಲಸ.

ಸಂಬಳ ಒಬ್ಬರದು, ನೇಮಕ ಇನ್ನೊಬ್ಬರದು

ಮಠಗಳಿಗೆ ಈ ಬಲ ಎಲ್ಲಿಂದ ಬಂತು ಎಂದು ಕೇಳಿದರೆ ಭಕ್ತಿಯಿಂದ ಎಂಬ ಉತ್ತರ ಸುಲಭ, ಆದರೆ ಅರ್ಧ ಮಾತ್ರ ನಿಜ. ಭಕ್ತಿ ಎಲ್ಲ ಕಾಲದಲ್ಲಿಯೂ ಇತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಶಾಲೆ ಮತ್ತು ಸರ್ಕಾರಿ ನೌಕರಿ ಮುಂದಕ್ಕೆ ಬರುವ ದಾರಿ ಎಂದಾದಾಗ, ಪಟ್ಟಣಕ್ಕೆ ಓದಲು ಬಂದ ಹಳ್ಳಿಯ ಹುಡುಗನಿಗೆ ಊಟ ವಸತಿ ಎಲ್ಲಿ ಎಂಬ ಪ್ರಶ್ನೆ ಎದ್ದಿತು. ಅದಕ್ಕೆ ಉತ್ತರ ಕೊಟ್ಟದ್ದು ಸಮುದಾಯದ ಸಂಘಗಳು ಮತ್ತು ಮಠಗಳು. ಒಕ್ಕಲಿಗರ ಸಂಘ ಹುಟ್ಟಿದ್ದು 1906ರಲ್ಲಿ. ಧಾರವಾಡದ ಮುರುಘಾಮಠದ ಉಚಿತ ಪ್ರಸಾದ ನಿಲಯ, ತುಮಕೂರಿನ ಸಿದ್ಧಗಂಗೆ, ಮೈಸೂರು ಸೀಮೆಯ ಸುತ್ತೂರು, ಇವೆಲ್ಲ ಅನ್ನ ಇಕ್ಕಿ ಓದಿಸಿದ ಜಾಗಗಳು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 2019ರ ಜನವರಿ 21ರಂದು, 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದಾಗ, ಮಕ್ಕಳ ಮಧ್ಯಾಹ್ನದ ಊಟ ಮುಗಿದ ಮೇಲೆಯೇ ಸುದ್ದಿ ಪ್ರಕಟಿಸಿದರೆಂದು ಪತ್ರಿಕೆಗಳು ಬರೆದವು. ಅದನ್ನು ಓದಿದಾಗ ನನಗೆ 1989ರ ಆ ರಾತ್ರಿಯೇ ನೆನಪಾಯಿತು. ಒಂದು ಕಡೆ ಮಕ್ಕಳ ಊಟಕ್ಕಾಗಿ ಸಾವಿನ ಸುದ್ದಿಯೇ ಕಾದಿತ್ತು. ಇನ್ನೊಂದು ಕಡೆ ಒಂದು ಜೀಪಿಗಾಗಿ ಮಕ್ಕಳ ಊಟ ಕಾದಿತ್ತು. ಎರಡನ್ನೂ ನಾವು ಮಠ ಎಂಬ ಒಂದೇ ಶಬ್ದದಿಂದ ಕರೆಯುತ್ತೇವೆ.

ಪ್ರಸಾದ ನಿಲಯದ ಪಕ್ಕದಲ್ಲಿ ಪ್ರೌಢಶಾಲೆ ಬಂತು, ಅದು ಅನುದಾನಕ್ಕೊಳಪಟ್ಟಿತು. ಅನುದಾನ ಎಂದರೆ ಮೇಷ್ಟರ ಸಂಬಳ ಸರ್ಕಾರದ ಖಜಾನೆಯಿಂದ, ಮೇಷ್ಟರ ನೇಮಕ ಆಡಳಿತ ಮಂಡಳಿಯಿಂದ. ಈ ಒಂದು ಏರ್ಪಾಟಿನಲ್ಲಿ ಎಷ್ಟು ಅಧಿಕಾರ ಅಡಗಿದೆ ಎಂಬುದು ತಿಳಿಯಬೇಕಾದರೆ ಪಕ್ಕದ ಕೇರಳದ ಕಡೆ ನೋಡಬೇಕು. 1957ರಲ್ಲಿ ಅಧಿಕಾರಕ್ಕೆ ಬಂದ ಇ.ಎಂ.ಎಸ್. ನಂಬೂದಿರಿಪಾಡರ ಕಮ್ಯುನಿಸ್ಟ್ ಸರ್ಕಾರದಲ್ಲಿ ಶಿಕ್ಷಣ ಮಂತ್ರಿಯಾಗಿದ್ದ ಜೋಸೆಫ್ ಮುಂಡಶ್ಶೇರಿ, ತಾವೇ ಕ್ರೈಸ್ತರಾಗಿದ್ದೂ, ಅನುದಾನಿತ ಶಾಲೆಗಳ ಶಿಕ್ಷಕರನ್ನು ಲೋಕಸೇವಾ ಆಯೋಗದ ಪಟ್ಟಿಯಿಂದಲೇ ಆರಿಸಬೇಕು ಎಂಬ ಮಸೂದೆ ತಂದರು. ಚರ್ಚು ಕೆರಳಿತು, ನಾಯರ್ ಸರ್ವಿಸ್ ಸೊಸೈಟಿಯ ಮನ್ನತ್ತು ಪದ್ಮನಾಭನ್ ಜೊತೆಗೂಡಿದರು, 1959ರ ಜೂನ್‌ನಲ್ಲಿ ವಿಮೋಚನಾ ಸಮರ ಆರಂಭವಾಯಿತು, ಜುಲೈ 31ಕ್ಕೆ ದೆಹಲಿ ಆ ಸರ್ಕಾರವನ್ನು ವಜಾಗೊಳಿಸಿತು. ಭೂಸುಧಾರಣೆಯ ಮಸೂದೆ, ಕಮ್ಯುನಿಸ್ಟರ ಮೇಲಿನ ಭಯ, ಕಾಂಗ್ರೆಸ್ಸಿನ ಲೆಕ್ಕಾಚಾರ, ಎಲ್ಲವೂ ಅದರಲ್ಲಿ ಸೇರಿದ್ದವು ನಿಜ. ಆದರೆ ಕಿಡಿ ಬಿದ್ದದ್ದು ಯಾರು ಮೇಷ್ಟರನ್ನು ನೇಮಿಸಬೇಕು ಎಂಬಲ್ಲಿ. ಊರಿನ ಓದಿದ ಹುಡುಗನಿಗೆ ಕೆಲಸ ಕೊಡುವವರು ಯಾರೋ ಅವರ ಮಾತು ಆ ಮನೆಯಲ್ಲಿ ಎರಡು ತಲೆಮಾರು ನಡೆಯುತ್ತದೆ ಎಂಬುದು ಪಾದ್ರಿಗಳಿಗೂ ಗೊತ್ತಿತ್ತು, ಮುಂಡಶ್ಶೇರಿಗೂ ಗೊತ್ತಿತ್ತು.

ನಮ್ಮಲ್ಲಿ ಅದೇ ಅಧಿಕಾರ ಸಮರವಿಲ್ಲದೆ, ಶಾಲು ಹಾರ ಹಣ್ಣಿನ ಬುಟ್ಟಿಯ ನಡುವೆ ಬೆಳೆಯಿತು. ಪ್ರೌಢಶಾಲೆಯ ಮೇಲೆ ಕಾಲೇಜು, ಕಾಲೇಜಿನ ಮೇಲೆ ಇಂಜಿನಿಯರಿಂಗ್, ಅದರ ಮೇಲೆ ಮೆಡಿಕಲ್. ಉಚಿತವಾಗಿ ಅನ್ನ ಇಕ್ಕುವ ಕೈಗೂ ಶುಲ್ಕ ತೆಗೆದುಕೊಳ್ಳುವ ಕೈಗೂ ಒಂದೇ ಕಾವಿ. ಪ್ರಸಾದ ನಿಲಯಕ್ಕೆ ಸರ್ಕಾರದಿಂದ ಬೇಕಾದದ್ದು ಹೆಚ್ಚೆಂದರೆ ಅಕ್ಕಿ. ಕಾಲೇಜಿಗೆ ಬೇಕಾದದ್ದು ಜಮೀನು, ಪರವಾನಗಿ, ಸೀಟು. ಅಲ್ಲಿಂದ ವಿಧಾನಸೌಧದ ಮೆಟ್ಟಿಲು ದೂರವೇನಲ್ಲ.

ಬೇಡಿಕೆ ಬದಲಾದದ್ದು

2020ರ ಜನವರಿಯಲ್ಲಿ ಹರಿಹರದ ಪಂಚಮಸಾಲಿ ಪೀಠದ ಹರ ಜಾತ್ರೆಯಲ್ಲಿ ನಡೆದದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ. ಇಂಥ ಶಾಸಕರನ್ನು ಮಂತ್ರಿ ಮಾಡದಿದ್ದರೆ ಸಮಾಜ ನಿಮ್ಮ ಕೈಬಿಡುತ್ತದೆ ಎಂದು ವೇದಿಕೆಯ ಮೇಲೆಯೇ ಪೀಠಾಧಿಪತಿಗಳು ಹೇಳಿದರು, ಮುಖ್ಯಮಂತ್ರಿ ಯಡಿಯೂರಪ್ಪ ಕುರ್ಚಿಯಿಂದ ಎದ್ದರು, ಹೀಗೆ ಮಾತನಾಡಿದರೆ ತಾನು ಹೊರಡುತ್ತೇನೆ ಎಂದರು, ಪಕ್ಕದವರು ಕೈ ಹಿಡಿದು ಕೂರಿಸಿದರು. ಮರುವರ್ಷ ಜುಲೈನಲ್ಲಿ ಅದೇ ಮುಖ್ಯಮಂತ್ರಿಯ ಕುರ್ಚಿ ಅಲುಗಿದಾಗ ಅವರನ್ನು ಮುಂದುವರಿಸಬೇಕೆಂದು ಮಠಾಧೀಶರು ಸಾಲುಸಾಲಾಗಿ ಅವರ ನಿವಾಸಕ್ಕೆ ಬಂದರು, ಅರಮನೆ ಮೈದಾನದಲ್ಲಿ ಸಮಾವೇಶವನ್ನೂ ಮಾಡಿದರು. ಅದರ ಮರುದಿನ, ಜುಲೈ 26ರಂದು, ಅವರು ರಾಜೀನಾಮೆ ಕೊಟ್ಟರು.

ಈ ಕೊನೆಯ ಸಂಗತಿ ನನಗೆ ಬಹಳ ಕುತೂಹಲದ್ದು. ಅಷ್ಟೊಂದು ಕಾವಿ ಒಂದೇ ಮೈದಾನದಲ್ಲಿ ಸೇರಿದರೂ ದೆಹಲಿಯ ತೀರ್ಮಾನ ಒಂದು ಕೂದಲೆಳೆಯಷ್ಟೂ ಕದಲಲಿಲ್ಲ. 2018ರಲ್ಲಿಯೂ ಹೀಗೆಯೇ ಆಯಿತು. ನ್ಯಾಯಮೂರ್ತಿ ನಾಗಮೋಹನ ದಾಸ್ ಸಮಿತಿಯ ವರದಿಯನ್ನು ಆಧರಿಸಿ ಲಿಂಗಾಯತಕ್ಕೆ ಪ್ರತ್ಯೇಕ ಧರ್ಮದ ಸ್ಥಾನ ಕೊಡಬಹುದೆಂದು ಆಗಿನ ಸಂಪುಟ ಚುನಾವಣೆಗೆ ಎರಡು ತಿಂಗಳಿರುವಾಗ ಶಿಫಾರಸು ಮಾಡಿತು. ಹಲವು ಮಠಗಳು ಅದರ ಪರವಾಗಿದ್ದವು, ಹಲವು ವಿರುದ್ಧವಾಗಿದ್ದವು. ಆ ಹೋರಾಟದ ಮುಂಚೂಣಿಯಲ್ಲಿದ್ದ ಮಂತ್ರಿಗಳಲ್ಲಿ ಎಂ.ಬಿ. ಪಾಟೀಲರು ಗೆದ್ದರು, ವಿನಯ ಕುಲಕರ್ಣಿ, ಶರಣಪ್ರಕಾಶ ಪಾಟೀಲ, ಬಸವರಾಜ ರಾಯರೆಡ್ಡಿ ಸೋತರು. ಅಂದರೆ ಮಠ ಹೇಳಿದ ಕಡೆಗೆ ಭಕ್ತರೆಲ್ಲ ಮತ ಹಾಕುತ್ತಾರೆ ಎಂಬ ಮಾತು ಲೆಕ್ಕಕ್ಕೆ ನಿಲ್ಲುವಂಥದ್ದಲ್ಲ. ಆದರೂ ಬಿ ಫಾರಂ ಗದ್ದುಗೆಗೆ ಹೋಗುತ್ತದೆ. ನನಗನ್ನಿಸುವುದು ಇಷ್ಟು: ಗೆಲ್ಲಿಸುವ ಶಕ್ತಿ ಮಠಕ್ಕಿದೆಯೋ ಇಲ್ಲವೋ ಯಾರಿಗೂ ಖಾತ್ರಿಯಿಲ್ಲ, ಅದನ್ನು ಪರೀಕ್ಷಿಸಿ ನೋಡುವ ಧೈರ್ಯವೂ ಯಾರಿಗೂ ಇಲ್ಲ. ಊರ ಹೊರಗಿನ ಹುಣಸೆಮರದಲ್ಲಿ ದೆವ್ವವಿದೆಯೇ ಎಂದು ಅಮಾವಾಸ್ಯೆಯ ದಿನ ಹೋಗಿ ನೋಡುವವರಿಲ್ಲವಲ್ಲ, ಹಾಗೆ. (ಬುದ್ಧಿಯವರು ಕ್ಷಮಿಸಬೇಕು.)

ಹಾಗೆಂದು ಎಲ್ಲ ಪೀಠಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾರೆ. ಕಾಗಿನೆಲೆಯ ಕನಕ ಗುರುಪೀಠ, ರಾಜನಹಳ್ಳಿಯ ವಾಲ್ಮೀಕಿ ಪೀಠ, ಚಿತ್ರದುರ್ಗದ ಮಾದಾರ ಚನ್ನಯ್ಯ ಗುರುಪೀಠ, ಇವೆಲ್ಲ ಈಚಿನ ದಶಕಗಳಲ್ಲಿ ಎದ್ದು ನಿಂತವು. ಇವು ಯಾಕೆ ಬೇಕಾದವು ಎಂದು ನನ್ನ ಬಲಗಡೆ ಕೂರುತ್ತಿದ್ದ ಹಳೆಯ ಗೆಳೆಯನನ್ನು ಒಮ್ಮೆ ಕೇಳಿದ್ದೆ. ಅವನೀಗ ಪಿಡಬ್ಲ್ಯುಡಿಯಲ್ಲಿ ಇಂಜಿನಿಯರು. ‘ನಿಮಗೆ ವಿಧಾನಸೌಧದ ಬಾಗಿಲು ತಟ್ಟೋಕೆ ಒಬ್ಬ ಸ್ವಾಮೇರಿದ್ದರು, ನಮಗೆ ಯಾರಿದ್ದರು ಹೇಳು’ ಎಂದ. ಪರಿಶಿಷ್ಟ ಪಂಗಡದ ಮೀಸಲಾತಿ ಹೆಚ್ಚಿಸಬೇಕೆಂದು ವಾಲ್ಮೀಕಿ ಪೀಠದ ಸ್ವಾಮಿಗಳು ರಾಜನಹಳ್ಳಿಯಿಂದ ಬೆಂಗಳೂರಿಗೆ ನಡೆದು ಬಂದರು, 2022ರಲ್ಲಿ ಸ್ವಾತಂತ್ರ್ಯ ಉದ್ಯಾನದಲ್ಲಿ ತಿಂಗಳುಗಟ್ಟಲೆ ಧರಣಿ ಕೂತರು. ಆ ವರ್ಷದ ಅಕ್ಟೋಬರ್‌ನಲ್ಲಿ ಅದು ಶೇಕಡಾ 3ರಿಂದ 7ಕ್ಕೆ ಏರಿತು. ಯಾವುದೋ ಒಬ್ಬ ಶಾಸಕನಿಗೆ ಮಂತ್ರಿಗಿರಿ ಕೇಳುವುದಕ್ಕೂ ಇದಕ್ಕೂ ಅಂತರವಿದೆ. ಗೆಳೆಯನ ಪ್ರಶ್ನೆಗೆ ನನ್ನ ಬಳಿ ಇವತ್ತಿಗೂ ಒಳ್ಳೆಯ ಉತ್ತರವಿಲ್ಲ. ಆದರೆ ಸರ್ಕಾರದ ಬಾಗಿಲು ತೆರೆಯಲು ಕಾವಿಯೇ ಬೇಕು ಎಂಬ ಸ್ಥಿತಿಯನ್ನು ತಂದದ್ದು ನಾವು, ಮೊದಲು ಬಾಗಿಲಲ್ಲಿ ನಿಂತವರು.

ಗಂಗಾವತಿಯ ಹುಡುಗಿ

2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳೂ ವಿಜಯಪುರವೂ ಸೇರಿದಂತೆ ಅಪೌಷ್ಟಿಕತೆ ಹೆಚ್ಚಿರುವ ಕಡೆ ಸರ್ಕಾರಿ ಶಾಲೆಯ ಮಕ್ಕಳಿಗೆ ಬಿಸಿಯೂಟದ ಜೊತೆಗೆ ಮೊಟ್ಟೆ ಕೊಡಲು ಆರಂಭಿಸಿದರು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಕೆಲವು ಮಠಾಧೀಶರು ವಿರೋಧಿಸಿದರು, ಹೋರಾಟದ ಎಚ್ಚರಿಕೆ ಕೊಟ್ಟರು. ನಾನು ಮೊಟ್ಟೆ ತಿನ್ನುವವನಲ್ಲ, ನಮ್ಮ ಮನೆಯಲ್ಲಿ ಅದು ಬರುವುದೂ ಇಲ್ಲ. ಆದರೂ ತಿನ್ನುವ ಮಗುವಿನ ತಟ್ಟೆಯಿಂದ ಅದನ್ನು ತೆಗೆಯಿರಿ ಎಂದು ಕೇಳುವ ಅಧಿಕಾರ ಎಲ್ಲಿಂದ ಬಂತೆಂದು ಯೋಚಿಸಿದಾಗ, ಅನ್ನ ಇಕ್ಕಿದ ಇತಿಹಾಸದಿಂದಲೇ ಬಂತು ಎಂದು ಹೊಳೆಯಿತು. ಬಿಸಿಯೂಟದ ಯೋಜನೆಗೆ ನಮ್ಮ ರಾಜ್ಯದಲ್ಲಿಟ್ಟ ಹೆಸರೇ ಅಕ್ಷರ ದಾಸೋಹ. ಸರ್ಕಾರ ಮಠದಿಂದ ಶಬ್ದವನ್ನು ಕಡ ತಂದಿತು, ಶಬ್ದದ ಹಿಂದೆ ಶಬ್ದದ ಒಡೆಯರೂ ಬಂದರು.

ಆಗ ಗಂಗಾವತಿಯ ಒಬ್ಬ ಶಾಲಾ ಹುಡುಗಿ ಮಾತನಾಡಿದ ವಿಡಿಯೊ ಊರೆಲ್ಲ ಓಡಾಡಿತು. ನಮಗೆ ಮೊಟ್ಟೆ ಬೇಡವೆನ್ನಲು ನೀವು ಯಾರು, ಬೇಕಿದ್ದರೆ ನಿಮ್ಮ ಮಠಕ್ಕೇ ಬಂದು ಒಂದಲ್ಲ ಎರಡು ತಿನ್ನುತ್ತೇವೆ ಎಂಬರ್ಥದ ಮಾತು. ನಾನದನ್ನು ಹತ್ತಾರು ಸಲ ನೋಡಿದೆ. ಅವಳ ದನಿಯಲ್ಲಿ ಸಂಕೋಚವಿರಲಿಲ್ಲ, ಉಡಾಫೆಯೂ ಇರಲಿಲ್ಲ. ತನ್ನ ಪಾಲಿನ ರೇಷನ್ ಕಡಿಮೆ ತೂಗಿದ ಅಂಗಡಿಯವನನ್ನು ಹೆಂಗಸರು ಕೇಳುವ ಧಾಟಿ ಅದು. ಅವಳ ವಯಸ್ಸಿನಲ್ಲಿ ನಾನು ಒಂಬತ್ತೂವರೆಯವರೆಗೆ ಖಾಲಿ ತಟ್ಟೆಯ ಮುಂದೆ ಕೂತಿದ್ದೆ, ಊಟ ಯಾಕೆ ತಡ ಎಂದು ಕೇಳುವುದು ತಲೆಗೇ ಬಂದಿರಲಿಲ್ಲ. ನಾನು ಅಂಜುಬುರುಕನಾಗಿದ್ದೆ, ಅವಳು ಗಟ್ಟಿಗಿತ್ತಿ ಎಂದು ಹೇಳಿ ಮುಗಿಸಬಹುದು. ಆದರೆ ನಮ್ಮಿಬ್ಬರ ತಟ್ಟೆಗಳೇ ಬೇರೆ. ಶಾಲೆಯಲ್ಲಿ ಬೇಯಿಸಿದ ಊಟ ಕೊಡಲೇಬೇಕೆಂದು 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಆದೇಶಿಸಿದ ಮೇಲೆ ಹುಟ್ಟಿದ ತಟ್ಟೆ ಅವಳದು. ಅದರಲ್ಲಿರುವುದನ್ನು ಅವಳು ಯಾರಿಂದಲೂ ದಾನವಾಗಿ ಪಡೆದಿರಲಿಲ್ಲ. ನನ್ನ ತಟ್ಟೆಯಲ್ಲಿದ್ದದ್ದು ಒಬ್ಬರ ದೊಡ್ಡತನ. ದೊಡ್ಡತನದ ಮುಂದೆ ಕೂತವನು ಉಪ್ಪು ಕಡಿಮೆಯಾಗಿದೆ ಎಂದೂ ಹೇಳಲಾರ.

ಸರ್ಕಾರವೂ ಋಣ ಕೇಳದೆ ಬಿಡುವುದಿಲ್ಲ ಎಂದು ಓದುಗರು ಹೇಳಬಹುದು, ಹೇಳಬೇಕು. ಯಾವ ಯೋಜನೆಯ ಫಲಕ ನೋಡಿದರೂ ನಾಯಕರು ನಗುತ್ತಿರುತ್ತಾರೆ. ಆದರೆ ಅನ್ನಭಾಗ್ಯದ ಅಕ್ಕಿ ಉಂಡ ಜನರೇ 2018ರಲ್ಲಿ ಅದನ್ನು ಕೊಟ್ಟ ಪಕ್ಷವನ್ನು 80 ಸೀಟಿಗೆ ಇಳಿಸಿದರು, ಉಂಡ ಮನೆಗೆ ಎರಡು ಬಗೆದೆವೆಂದು ಯಾರೂ ಕೊರಗಲಿಲ್ಲ. ಪೀಠದ ಮೇಲಿರುವವರ ಬಗ್ಗೆ ಹೀಗೆ ಐದು ವರ್ಷಕ್ಕೊಮ್ಮೆ ಮನಸ್ಸು ಬದಲಿಸುವ ಅವಕಾಶ ನಮಗಿಲ್ಲ, ಅವರು ಕೇಳುವುದೂ ಇಲ್ಲ. ದಾಸೋಹ ಎಂಬ ಶಬ್ದದಲ್ಲಿ ದಾಸನಾಗಿರಬೇಕಾದವನು ಇಕ್ಕುವವನು. ನಾನು ಆರು ವರ್ಷ ಉಂಡರೂ ಈ ಅರ್ಥವನ್ನು ಅಲ್ಲಿ ಯಾರೂ ಹೇಳಿಕೊಡಲಿಲ್ಲ, ಆಮೇಲೆ ನಾನೇ ಓದಿ ತಿಳಿದದ್ದು.

ಏಪ್ರಿಲ್ ಮತ್ತು ಜೂನ್

ಅಪ್ಪ ತೀರಿಕೊಂಡದ್ದು ಒಂದು ಏಪ್ರಿಲ್‌ನಲ್ಲಿ. ಪ್ರತಿ ವರ್ಷ ಆ ದಿನ ಮಠದಲ್ಲಿ ಅವನ ಹೆಸರಿನಲ್ಲಿ ಒಂದು ಹೊತ್ತಿನ ದಾಸೋಹ ಮಾಡಿಸುತ್ತೇನೆ. ಬೇಸಗೆ ರಜೆಯಲ್ಲಿ ಹುಡುಗರಿರುವುದಿಲ್ಲ, ಆದರೆ ಬಂದ ಭಕ್ತರಿಗೆ ಒಲೆ ಆರುವುದಿಲ್ಲ. ಫೋಟೊ ಬಂದ ವಾರದಲ್ಲಿಯೇ, ಸಿಟ್ಟೂ ಇಲ್ಲದೆ ಸಮಾಧಾನವೂ ಇಲ್ಲದೆ, ಎಂದಿನಂತೆ ಮಠದ ಕಚೇರಿಗೆ ಫೋನ್ ಮಾಡಿದೆ. ಗುಮಾಸ್ತರು ಪುಸ್ತಕ ತಿರುವಿ ಹಾಕುವ ಸದ್ದು ಕೇಳಿಸಿತು.

‘ಈ ತಿಂಗಳು ಒಂದು ದಿನವೂ ಖಾಲಿ ಇಲ್ಲ ಸರ್, ಎಲ್ಲ ಒಬ್ಬರೇ ಬರೆಸಿಬಿಟ್ಟಿದ್ದಾರೆ. ಎಲೆಕ್ಷನ್ ಅಲ್ಲವೇ’ ಎಂದರು. ಮೇ ತಿಂಗಳೂ ಹೆಚ್ಚುಕಡಿಮೆ ಹಾಗೆಯೇ ಎಂದರು. ನಾನು ಸುಮ್ಮನಿದ್ದುದನ್ನು ನೋಡಿ ಅವರೇ ದಾರಿ ಹೇಳಿದರು: ‘ಜೂನ್‌ನಲ್ಲಿ ಹಾಕಲೇ ಸರ್? ಶಾಲೆ ಶುರುವಾಗಿರುತ್ತದೆ, ಮಕ್ಕಳೂ ಬಂದಿರುತ್ತಾರೆ.’

ಹಾಕಿ ಎಂದೆ. ಅಪ್ಪನ ಹೆಸರನ್ನು ಬಿಡಿಸಿ ಬಿಡಿಸಿ ಹೇಳಿದೆ, ಅವರು ಬರೆದುಕೊಂಡರು.